ತಾನೇ ಕಲಿತವರು ಮಟ್ಟು ಕಟ್ಟುವ ಬಗೆ

ಧರೂರು, ಗದ್ವಾಲ, ಮಕ್ತಲ್, ನಾರಾಯಣಪೇಟೆಯ ಸೀಮೆಯ ಭಜನಾ ಮೇಳಗಳಲ್ಲಿ ಇಂಥ ಹಿರಿಯರೊಬ್ಬರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಯಾರ ಮುಂದೆಯೂ ಕುಳಿತು ಪಾಠ ಹೇಳಿಸಿಕೊಂಡವರಲ್ಲ. ಶ್ರಾವಣದಲ್ಲಿ ಪುರಾಣಕ್ಕೆ ಬಂದ ಗವಾಯಿಗಳ ಬೆರಳು ನೋಡುತ್ತ ನೋಡುತ್ತ ಪೇಟಿ ಹಿಡಿದವರು. ರೇಡಿಯೋ ಕೇಳಿ, ಕ್ಯಾಸೆಟ್ಟು ಕೇಳಿ ಕಿವಿ ತಿದ್ದಿಕೊಂಡವರು. ಮೂವತ್ತು ವರ್ಷ ಬೇರೆಯವರು ಕಟ್ಟಿದ ಹಾಡು ಹಾಡಿ, ಮಕ್ಕಳ ಮದುವೆ ಮುಗಿದು, ಹೊಲಮನೆಯ ಭಾರ ಹಗುರಾದ ಮೇಲೆ ಅವರ ಬಾಯಲ್ಲಿ ತಮ್ಮದೇ ಒಂದು ಮಟ್ಟು ಸುಳಿಯತೊಡಗುತ್ತದೆ. ಅದರ ಬೆನ್ನಿಗೇ ಸಂಕೋಚವೂ ಹುಟ್ಟುತ್ತದೆ. ರಾಗದ ಹೆಸರು ತಿಳಿಯದು, ಗುರುವಿಲ್ಲ, ವಯಸ್ಸು ಐವತ್ತು ದಾಟಿತು. ಶರಣರ ಮಾತಿಗೆ ನಾವು ರಾಗ ಹಾಕುವುದು ಅಧಿಕಪ್ರಸಂಗವಾದೀತೇ ಎಂದು. ಆ ಸಂಕೋಚವುಳ್ಳವರಿಗಾಗಿಯೇ ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಶರಣರ ಮಾತು ನಮಗೆ ಉಳಿದು ಬಂದಿದೆ, ಅವರ ಮಟ್ಟು ಉಳಿದಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ತಾಡವೋಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಹೀಗೆ ಮಾತಿಗೆ ಒಬ್ಬ ಹಳಕಟ್ಟಿಯವರು ಸಿಕ್ಕರು. ಮಟ್ಟಿಗೆ ಅಂಥವರು ಯಾರೂ ಸಿಗಲಿಲ್ಲ. ಸ್ವರವಚನಗಳ ತಲೆಯ ಮೇಲೆ ರಾಗದ ಹೆಸರಿದೆ. ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’ಯ ಹಾಡುಗಳಿಗೂ ರಾಗದ ಹೆಸರು ಹೇಳಿದೆ. ಆದರೆ ಹೆಸರಿನಿಂದ ಹಾಡು ಎದ್ದು ಬರುವುದಿಲ್ಲ. ಒಂದೇ ರಾಗದಲ್ಲಿ ಸಾವಿರ ಹಾಡು ಕಟ್ಟಬಹುದು. ಆ ಕಾಲದವರು ಯಾವ ಅಕ್ಷರದ ಮೇಲೆ ಏರಿದರು, ಎಲ್ಲಿ ನಿಂತರು ಎಂಬುದು ಅವರ ಕಂಠದೊಡನೆಯೇ ಹೋಯಿತು. ಆದುದರಿಂದ ಇಂದು ನಾವು ಕೇಳುವ ವಚನಗಾಯನದ ಮಟ್ಟುಗಳೆಲ್ಲ ಈಚಿನವರು ಕಟ್ಟಿದವೇ. ಮಲ್ಲಿಕಾರ್ಜುನ ಮನ್ಸೂರರು (1910–1992) ಹಾಡಿದ ವಚನಗಳನ್ನು ಕೇಳಿದವರು ಅದೇ ಮೂಲವೆಂದು ತಿಳಿಯುವಷ್ಟು ಅವು ಮಾತಿಗೆ ಅಂಟಿಕೊಂಡಿವೆ, ಆದರೆ ಅವೂ ನಮ್ಮ ಕಾಲದವೇ. ಶರಣರ ಮೂಲ ಮಟ್ಟನ್ನು ಕೆಡಿಸುತ್ತೇವೆಂಬ ಭಯಕ್ಕೆ ಹಾಗಾದರೆ ಆಧಾರವಿಲ್ಲ. ಮಾತನ್ನು ಕೆಡಿಸುತ್ತೇವೇನೋ ಎಂಬ ಭಯ ಮಾತ್ರ ಇರತಕ್ಕದ್ದು. ಅದರ ವಿಚಾರ ಮುಂದೆ ಬರುತ್ತದೆ.

ವಯಸ್ಸಿನ ಮಾತಿಗೆ ನಮ್ಮ ಸೀಮೆಯೇ ಉತ್ತರ ಕೊಡುತ್ತದೆ. 1956ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವೆಂಬುದು ಹಿರಿಯರಿಗೆ ನೆನಪಿದೆ. ಆ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಗೋಪಾಲದಾಸರಿದ್ದರು. ಮಾನ್ವಿಯ ಜಗನ್ನಾಥದಾಸರು (1728–1809) ಮೊದಲು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದ ಹಾಡುಗಳನ್ನು ಹಗುರವಾಗಿ ಕಾಣುತ್ತಿದ್ದರೆಂದೂ, ಹೊಟ್ಟೆಯ ಬೇನೆಯಿಂದ ಬಳಲಿ ಉತ್ತನೂರಿಗೆ ಬಂದು ಗೋಪಾಲದಾಸರ ಶಿಷ್ಯರಾದರೆಂದೂ ಆ ಸಂಪ್ರದಾಯದವರು ಹೇಳುತ್ತಾರೆ. ಪಾಂಡಿತ್ಯವೆಲ್ಲ ಕೈಸೇರಿದ ಮೇಲೆ ಅವರು ಕನ್ನಡದಲ್ಲಿ ಹಾಡು ಕಟ್ಟತೊಡಗಿದರು. ‘ಹರಿಕಥಾಮೃತಸಾರ’ ಹುಟ್ಟಿದ್ದು ಆಮೇಲೆ. ಮತ ಬೇರೆಯಾದರೂ ಪಾಠ ನಮಗೂ ಸಲ್ಲುತ್ತದೆ. ಮೊನ್ನೆ ಮೊನ್ನೆಯ ಮಾತೆಂದರೆ, ನಾರಾಯಣಪೇಟೆ ಜಿಲ್ಲೆಯ ದಾಮರಗಿದ್ದದ ದಾಸರಿ ಕೊಂಡಪ್ಪನವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಸೋರೆಬುರುಡೆ, ಬಿದಿರು, ತಂತಿಗಳಿಂದ ಮಾಡಿದ ಬುರ್ರವೀಣೆ ಅವರ ವಾದ್ಯ. ತೆಲುಗು ಕನ್ನಡ ಎರಡರಲ್ಲೂ ತತ್ವ ಹಾಡುವವರು. ಅವರ ವಿದ್ಯೆ ಮನೆತನದಿಂದ ಬಂದದ್ದು, ಶಾಲೆಯಿಂದ ಬಂದದ್ದಲ್ಲ.

ಆದರೆ ತಾನೇ ಕಲಿತು, ನಲವತ್ತರ ಆಚೆ ಮಟ್ಟು ಕಟ್ಟಿದವರ ಉದಾಹರಣೆಗೆ ನಾವು ಬೆಳಗಾವಿ ಜಿಲ್ಲೆಯ ಘೋಡಗೇರಿಗೆ ಹೋಗಬೇಕು. ಚಂದ್ರಶೇಖರ ಕಂಬಾರರು 1937ರಲ್ಲಿ ಅಲ್ಲಿ ಹುಟ್ಟಿದರು. ಬಡತನದಿಂದ ಶಾಲೆ ಬಿಟ್ಟಿದ್ದ ಹುಡುಗನ ಪ್ರೌಢಶಾಲೆಯ ಖರ್ಚನ್ನೆಲ್ಲ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ವಹಿಸಿಕೊಂಡರು. ಮಠವು ಒಬ್ಬ ಹುಡುಗನ ಫೀಸು ಕಟ್ಟಿದರೆ ಏನಾದೀತು ಎಂದು ಕೇಳುವವರಿಗೆ ಇದೊಂದು ಉತ್ತರ. ಮುಂದೆ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿ, ಕವಿಗಳೆಂದು, ನಾಟಕಕಾರರೆಂದು ಹೆಸರಾದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ರ ಸಾಲಿನ ಜ್ಞಾನಪೀಠ ಪಡೆದರು. ಸಂಗೀತಗಾರರೆಂದು ಅವರನ್ನು ಯಾರೂ ಕರೆಯಲಿಲ್ಲ. ಆದರೂ ‘ಕಾಡು ಕುದುರೆ’ ಚಿತ್ರವನ್ನು ತಾವೇ ನಿರ್ದೇಶಿಸಿದಾಗ ಅದರ ಸಂಗೀತವನ್ನೂ ತಾವೇ ಮಾಡಿದರು. ಆಗ ವಯಸ್ಸು ನಲವತ್ತು ದಾಟಿತ್ತು. ಬಯಲಾಟ, ಲಾವಣಿ, ಡೊಳ್ಳಿನ ಹಾಡುಗಳ ಧಾಟಿ ಚಿಕ್ಕಂದಿನಿಂದ ಕಿವಿಯಲ್ಲಿತ್ತು. ಅದೇ ಅವರ ಬಂಡವಾಳ.

ಇನ್ನೂ ಸ್ವಾರಸ್ಯವೆಂದರೆ ಆ ಚಿತ್ರದ ಹಾಡು ಹಾಡಿದವರು ಶಿವಮೊಗ್ಗ ಸುಬ್ಬಣ್ಣನವರು (1938–2022), ವೃತ್ತಿಯಿಂದ ವಕೀಲರು. ಆ ಹಾಡಿಗೆ 1978ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕರ ರಾಷ್ಟ್ರಪ್ರಶಸ್ತಿ ಅವರಿಗೆ ದೊರೆಯಿತು. ಹಿನ್ನೆಲೆ ಗಾಯನಕ್ಕೆ ಕನ್ನಡಕ್ಕೆ ಬಂದ ಮೊದಲ ರಾಷ್ಟ್ರಪ್ರಶಸ್ತಿ ಅದು. ಮಟ್ಟು ಕಟ್ಟಿದವರು ಕವಿ, ಹಾಡಿದವರು ವಕೀಲರು, ಇಬ್ಬರಿಗೂ ನಲವತ್ತರ ಆಸುಪಾಸು. ಮದ್ರಾಸು ಮುಂಬಯಿಗಳ ದೊಡ್ಡ ದೊಡ್ಡ ಸಂಗೀತ ನಿರ್ದೇಶಕರಿದ್ದ ಕಾಲದಲ್ಲಿ ಇದು ನಡೆಯಿತು.

ಇವರೊಡನೆ ಬಿ.ವಿ. ಕಾರಂತರನ್ನೂ (1929–2002) ನೆನೆಯಬೇಕು. ಅವರು ಪೂರ್ತಿ ಸ್ವಯಂಕಲಿತರಲ್ಲ. ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಕಲಿತರು. ಆದರೆ ಚಲನಚಿತ್ರಕ್ಕೆ ಸಂಗೀತ ಮಾಡಿ ‘ಋಷ್ಯಶೃಂಗ’ (1976), ‘ಘಟಶ್ರಾದ್ಧ’ (1977) ಎರಡಕ್ಕೂ ರಾಷ್ಟ್ರಪ್ರಶಸ್ತಿ ಪಡೆದಾಗ ಐವತ್ತು ಸಮೀಪಿಸಿತ್ತು. 1975ರ ‘ಚೋಮನ ದುಡಿ’ಯನ್ನು ನೋಡಿದವರು ಅದರ ದುಡಿಯ ಪೆಟ್ಟನ್ನು ಮರೆಯಲಾರರು. ನೂರು ವಾದ್ಯಗಳು ಮಾಡದ ಕೆಲಸವನ್ನು ಅಲ್ಲಿ ಒಂದು ಚರ್ಮವಾದ್ಯ ಮಾಡುತ್ತದೆ. ನಮ್ಮ ಮೇಳದಲ್ಲಿ ತಬಲಾ ಒಡೆದಿದೆ, ಕೀಬೋರ್ಡಿಲ್ಲ ಎಂದು ಕೈಕಟ್ಟಿ ಕೂಡುವವರು ಇದನ್ನು ವಿಚಾರಿಸಬೇಕು.

ಈಗ ಪಾಠಕ್ಕೆ ಬರೋಣ. ತಾನೇ ಕಲಿತವರು ಮಾಡುವ ಸಾಮಾನ್ಯ ಕ್ರಮವೆಂದರೆ ಪೇಟಿ ಮುಂದಿಟ್ಟುಕೊಂಡು, ಗೊತ್ತಿರುವ ಒಂದು ರಾಗದ ಮನೆಗಳ ಮೇಲೆ ಬೆರಳಾಡಿಸಿ, ಅದರೊಳಗೆ ಮಾತನ್ನು ತುರುಕುವುದು. ನಮ್ಮ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಬೆರಳಿಗೆ ರೂಢಿಯಾದ ದಾರಿ ನಾಲ್ಕೈದೇ ಇರುತ್ತವೆ, ಅವುಗಳಲ್ಲೇ ಬೆರಳು ಓಡುತ್ತದೆ. ಹತ್ತು ಹಾಡು ಕಟ್ಟಿದರೆ ಹತ್ತೂ ಒಂದೇ ಹಾಡಾಗುತ್ತವೆ. ಪೇಟಿ ಮುಚ್ಚಿಡಿ. ಮಾತನ್ನು ಬಾಯಿಪಾಠ ಮಾಡಿ, ಹೊಲದ ದಾರಿಯಲ್ಲಿ, ದನದ ಹಿಂದೆ ನಡೆಯುವಾಗ, ಅದನ್ನು ಹಾಡದೆ ಬರಿಯ ಮಾತಿನಂತೆ ಹತ್ತಾರು ಸಲ ಹೇಳಿ. ಮಾತಿನಲ್ಲಿಯೇ ಏರಿಳಿತವಿದೆ. ಬಾಗಿಲಲ್ಲಿ ನಿಂತು ‘ಯಾರು ಬಂದರು?’ ಎಂದು ಕೇಳುವ ತಾಯಿ ‘ಯಾ’ ಎಂಬಲ್ಲಿ ದನಿ ಎತ್ತುತ್ತಾಳೆ. ‘ನೀನೇ ಏನಪ್ಪಾ’ ಎಂದು ಗುರುತು ಹಿಡಿದಾಗ ಅದೇ ದನಿ ಮೆಲ್ಲಗೆ ಇಳಿಯುತ್ತದೆ. ವಚನದಲ್ಲಿಯೂ ಪ್ರಶ್ನೆಯಿದೆ, ಗದರಿಕೆಯಿದೆ, ಮೊರೆಯಿದೆ. ಪ್ರಶ್ನೆ ಏರಬೇಕಾದಲ್ಲಿ ಮಟ್ಟು ಇಳಿದರೆ ರಾಗ ಎಷ್ಟು ಶುದ್ಧವಾಗಿದ್ದರೂ ಕೇಳುವವನಿಗೆ ಮಾತು ಮುಟ್ಟುವುದಿಲ್ಲ. ದೂರದ ಮೊರಾವಿಯಾ ದೇಶದಲ್ಲಿ ಲಿಯೋಶ್ ಯಾನಾಚೆಕ್ (1854–1928) ಎಂಬ ಸಂಗೀತ ರಚನಕಾರ ಸಂತೆಯಲ್ಲಿ, ಬೀದಿಯಲ್ಲಿ ಜನರಾಡುವ ಮಾತಿನ ಏರಿಳಿತವನ್ನೇ ಸ್ವರದಲ್ಲಿ ಬರೆದುಕೊಳ್ಳುತ್ತಿದ್ದನು. ಅವನ ‘ಯೆನೂಫಾ’ ಎಂಬ ಸಂಗೀತ ನಾಟಕ 1916ರಲ್ಲಿ ಪ್ರಾಗ್ ನಗರದ ರಂಗವೇರಿ ಹೆಸರು ತಂದಾಗ ಅವನಿಗೆ 61 ವರ್ಷ.

ಹೀಗೆ ಹೇಳುತ್ತ ಹೇಳುತ್ತ ಮಾತು ತಾನಾಗಿ ಗುನುಗಾಗುತ್ತದೆ. ಆಗ ಪೇಟಿ ತೆಗೆದು, ಬಾಯಿ ಯಾವ ಮನೆಗಳ ಮೇಲೆ ಹೋಯಿತೆಂದು ಹುಡುಕಬೇಕು. ಬಾಯಿ ಮುಂದೆ, ಬೆರಳು ಹಿಂದೆ. ಐದಾರು ಸ್ವರಗಳೊಳಗೇ ಮಟ್ಟು ಮುಗಿದಿದ್ದರೆ ನಾಚಬೇಕಾಗಿಲ್ಲ. ಕುಟ್ಟುವ ಬೀಸುವ ಹಾಡುಗಳೆಲ್ಲ ಅಷ್ಟರಲ್ಲಿಯೇ ಇವೆ, ಅಷ್ಟಿದ್ದರೇ ಮೇಳದವರೆಲ್ಲ ಕೂಡಿ ಹಾಡಲು ಬರುತ್ತದೆ. ಯಾವ ರಾಗವೆಂಬುದನ್ನು ಕೊನೆಗೆ ತಿಳಿದವರನ್ನು ಕೇಳಿ. ಒಂದು ರಾಗಕ್ಕೂ ಕೂಡದೆ ಹೋದರೆ ಹೋಗಲಿ. ಪೇಟಿಯ ವಿಷಯದಲ್ಲಿ ಇನ್ನೊಂದು ಎಚ್ಚರವಿದೆ. ಅದರ ಸ್ವರಗಳು ಮೊದಲೇ ಕಟ್ಟಿಟ್ಟವು; ಒಂದರಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ಇದೇ ಆಕ್ಷೇಪದಿಂದ ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ನಾವು ಅಷ್ಟು ಕಠಿಣರಲ್ಲ, ಪೇಟಿಯಿಲ್ಲದೆ ನಮ್ಮ ಭಜನೆಗಳು ನಿಲ್ಲುವಂತಿಲ್ಲ. ಏಕತಾರಿಯ ಒಂದೇ ತಂತಿಯ ಮೇಲೆ ಶ್ರುತಿ ಹಿಡಿದು ಹಾಡಿ ನೋಡಿ, ಆಮೇಲೆ ಪೇಟಿಗೆ ಬನ್ನಿ ಎಂದಷ್ಟೇ ಹೇಳುತ್ತೇವೆ.

ಮಾತು ಕೆಡುವ ಭಯವೆಂದು ಮೇಲೆ ಹೇಳಿದೆವು. ಅದು ಬಹುತೇಕ ಹ್ರಸ್ವ ದೀರ್ಘಗಳಲ್ಲಿದೆ. ಕನ್ನಡದಲ್ಲಿ ‘ಮನ’ವನ್ನು ಮೊದಲಕ್ಷರದಲ್ಲಿ ಎಳೆದರೆ ‘ಮಾನ’ವಾಗುತ್ತದೆ, ‘ತನು’ ಎಳೆದರೆ ‘ತಾನು’, ‘ಹರ’ ಎಳೆದರೆ ‘ಹಾರ’. ಹಾಡುವವನಿಗೆ ಇದು ಗೊತ್ತಾಗುವುದಿಲ್ಲ, ಅವನ ಮನಸ್ಸಿನಲ್ಲಿ ಸರಿಯಾದ ಅರ್ಥವೇ ಇರುತ್ತದೆ. ಕೇಳುವ ಮಗುವಿಗೆ ಬೇರೆ ಅರ್ಥ ಹೋಗುತ್ತದೆ. ಆದುದರಿಂದ ಎಳೆಯಬೇಕಾದರೆ ದೀರ್ಘಾಕ್ಷರದ ಮೇಲೆ ಎಳೆಯಿರಿ, ಇಲ್ಲವೇ ಪದದ ಕೊನೆಯ ಸ್ವರದ ಮೇಲೆ ಎಳೆಯಿರಿ. ನಮ್ಮ ಕನ್ನಡ, ನೆರೆಯ ತೆಲುಗು ಎರಡರಲ್ಲೂ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುವುದರಿಂದ ನಿಲ್ಲಲು ಜಾಗ ಬೇಕಾದಷ್ಟಿದೆ. ತೆಲುಗಿನ ಮಟ್ಟು ಕನ್ನಡಕ್ಕೆ, ಕನ್ನಡದ್ದು ತೆಲುಗಿಗೆ ಸಲೀಸಾಗಿ ಬರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಪಾಲ್ಕುರಿಕೆ ಸೋಮನಾಥರು ‘ಬಸವಪುರಾಣ’ವನ್ನು ತೆಲುಗಿನಲ್ಲಿ ಹೇಳುವಾಗ ಪಂಡಿತರ ವೃತ್ತಗಳನ್ನು ಬಿಟ್ಟು, ಜನರು ಹಾಡಿಕೊಳ್ಳಬಲ್ಲ ದ್ವಿಪದಿಯನ್ನು ಆರಿಸಿಕೊಂಡರು. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದಾಗ ಷಟ್ಪದಿಗೆ ಹಾಕಿದನು. ಎರಡು ಭಾಷೆಯ ನಡುವೆ ಬಾಳುವ ನಮಗೆ ಇದಕ್ಕಿಂತ ಹಳೆಯ ಮೇಲ್ಪಂಕ್ತಿ ಬೇಕಿಲ್ಲ.

ತಾಳದಲ್ಲಿ ಷಟ್ಪದಿಯೇ ಸುಲಭ, ವಚನ ಕಷ್ಟ. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳು ನಡೆಯುತ್ತವೆ. ಏಳು ಮಾತ್ರೆಯ ರೂಪಕ ತಾಳದಲ್ಲಿ ಅದು ತಾನೇ ಹೋಗಿ ಕೂಡುತ್ತದೆ. ಚಾಮರಸನ ‘ಪ್ರಭುಲಿಂಗಲೀಲೆ’ಯ ಯಾವ ಪದ್ಯವನ್ನಾದರೂ ಹೀಗೆ ಹೇಳಿ ನೋಡಬಹುದು. ವಾರ್ಧಕದ ಐದೈದು ಮಾತ್ರೆಗಳಿಗೆ ಹತ್ತು ಮಾತ್ರೆಯ ಝಪ್ತಾಲ ಒಪ್ಪುತ್ತದೆ. ಹೊಸದಾಗಿ ಕಟ್ಟುವವರು ಮೊದಲ ವರ್ಷ ಷಟ್ಪದಿಯಲ್ಲಿಯೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ವಚನಕ್ಕೆ ಇಂಥ ಅಳತೆಯಿಲ್ಲ. ಒಂದು ಸಾಲು ಗೇಣುದ್ದ, ಇನ್ನೊಂದು ಮಾರುದ್ದ. ಎಲ್ಲವನ್ನೂ ಕೆಹರ್ವಾದ ಎಂಟು ಮಾತ್ರೆಗೆ ಎಳೆದು ಕಟ್ಟಿದರೆ ಗಿಡ್ಡ ಸಾಲು ಸಪ್ಪೆಯಾಗಿ ಜೋಲುತ್ತದೆ, ಉದ್ದ ಸಾಲಿಗೆ ಉಸಿರು ಕಟ್ಟುತ್ತದೆ. ಉದ್ದ ಸಾಲುಗಳನ್ನು ತಾಳವಿಲ್ಲದೆ, ಶ್ರುತಿಯ ಮೇಲೆ ನಿಂತು ಮಾತಿನ ನಡಿಗೆಯಲ್ಲೇ ಹೇಳಿ, ಮತ್ತೆ ಮತ್ತೆ ಬರುವ ಒಂದು ತುಂಡನ್ನು ಮಾತ್ರ ಪಲ್ಲವಿ ಮಾಡಿ ತಾಳಕ್ಕೆ ತಂದರೆ ಮೇಳದವರಿಗೆ ಕೂಡಿಕೊಳ್ಳಲು ಸ್ಥಳ ಸಿಗುತ್ತದೆ. ಅಂಕಿತದ ಸಾಲನ್ನು ಕೊನೆಯಲ್ಲಿ ಗದ್ದಲದೊಳಗೆ ಮುಗಿಸಿಬಿಡುವ ರೂಢಿ ಬಹಳ ಕಡೆ ಇದೆ. ಅಲ್ಲಿ ತಬಲಾ ನಿಲ್ಲಿಸಬೇಕೆಂದು ನಮ್ಮ ಸೂಚನೆ. ಯಾರು ಯಾರಿಗೆ ಹೇಳಿದ ಮಾತೆಂಬುದು ಆ ಸಾಲಿನಲ್ಲಿಯೇ ಇದೆ.

ಸಿನೇಮಾ ಹಾಡಿನ ಧಾಟಿಗೆ ವಚನವನ್ನು ಹೊಂದಿಸುವ ಬಗ್ಗೆ ಎರಡು ಮಾತು. ಹಳೆಯ ನಾಟಕ ಕಂಪನಿಗಳ ಪದಗಳಿಗೆ ‘ಇಂಥ ಹಾಡಿನ ಮಟ್ಟು’ ಎಂದು ತಲೆಬರಹ ಕೊಡುವ ಪದ್ಧತಿ ಇತ್ತು, ಆದ್ದರಿಂದ ಮಟ್ಟನ್ನು ಕಡ ತರುವುದೇ ತಪ್ಪೆನ್ನಲಾರೆವು. ಕಲಿಯುವವನು ಎರವಲು ತಂದೇ ಕಲಿಯುತ್ತಾನೆ. ಆದರೆ ಎಲ್ಲರ ಬಾಯಲ್ಲಿರುವ ಪ್ರೇಮಗೀತೆಯ ಧಾಟಿಗೆ ಅಕ್ಕನ ಮಾತನ್ನು ಹಾಕಿದಾಗ ಕೇಳುವವರ ಮನಸ್ಸಿಗೆ ಆ ಪರದೆಯ ಮೇಲಿನ ನಟಿಯೇ ಬಂದು ನಿಲ್ಲುತ್ತಾಳೆ. ಇದು ಹಾಡುವವರಿಗೂ ಗೊತ್ತು, ಚಪ್ಪಾಳೆಗಾಗಿ ಮಾಡುತ್ತಾರೆ. ಊರಿನ ಹಂತಿಪದ, ಕೋಲಾಟದ ಪದ, ಅಲಾಯಿ ಹಬ್ಬದ ಪದಗಳ ಧಾಟಿ ಎರವಲು ತಂದರೆ ಈ ತೊಂದರೆಯಿಲ್ಲ.

ಗುರುವಿಲ್ಲದೆ ಸಿಗದ ವಿದ್ಯೆಯೂ ಇದೆ, ಅದನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ಎಡ್ವರ್ಡ್ ಎಲ್ಗರ್ (1857–1934) ಪಿಯಾನೋ ಶ್ರುತಿ ಮಾಡುವವನ ಮಗ. ತಂದೆಯ ಅಂಗಡಿಯಲ್ಲಿದ್ದ ಸಂಗೀತದ ಪುಸ್ತಕಗಳಿಂದಲೇ ರಚನೆಯನ್ನು ಕಲಿತು, 1899ರಲ್ಲಿ 42ನೆಯ ವಯಸ್ಸಿಗೆ ‘ಎನಿಗ್ಮಾ’ ಎಂಬ ಕೃತಿಯಿಂದ ದೇಶಕ್ಕೇ ಹೆಸರಾದನು. ರಚನೆಯನ್ನು ತಾನೇ ಕಲಿತರೂ ಪಿಟೀಲನ್ನು ಮಾತ್ರ ಗುರುವಿನ ಮುಂದೆಯೇ ಕಲಿತನು. ನಮ್ಮಲ್ಲಿಯೂ ಹಾಗೆಯೇ. ಶ್ರುತಿ ಎಲ್ಲಿ ತಪ್ಪುತ್ತದೆ, ಲಯ ಎಲ್ಲಿ ಓಡುತ್ತದೆ ಎಂಬುದು ತಪ್ಪುವವನ ಕಿವಿಗೆ ಕೇಳಿಸುವುದಿಲ್ಲ. ಅದನ್ನು ಹೇಳಲು ಬೇರೆ ಕಿವಿ ಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಕಲಿಸಿ ಕಳಿಸಿದ ಶಿಷ್ಯರು ಉತ್ತರ ಕರ್ನಾಟಕದ ಊರೂರುಗಳಲ್ಲಿದ್ದಾರೆ. ಜಾತ್ರೆಗೋ ಪುರಾಣಕ್ಕೋ ಅಂಥವರು ಬಂದಾಗ ಕಟ್ಟಿದ ಹಾಡನ್ನು ಅವರ ಮುಂದೆ ಒಮ್ಮೆ ಹಾಡಿ, ತಿದ್ದಿರೆಂದು ಕೇಳಿಕೊಳ್ಳಬೇಕು. ಅರವತ್ತರ ಹಿರಿಯರು ಮೂವತ್ತರ ಗವಾಯಿಯ ಮುಂದೆ ಕೂಡಲು ಹಿಂಜರಿಯುವುದುಂಟು. ಆ ಹಿಂಜರಿಕೆಯಿಂದಲೇ ಎಷ್ಟೋ ಒಳ್ಳೆಯ ಮಟ್ಟುಗಳು ಸ್ವಲ್ಪ ವಕ್ರವಾಗಿಯೇ ಉಳಿದಿವೆ. ಮನ್ಸೂರರಂಥವರ ತಾನುಗಳನ್ನು ಅನುಕರಿಸುವ ಆಸೆಯನ್ನೂ ಬಿಡಬೇಕು. ಅದು ಬೇರೆ ಸಾಧನೆ. ಐವತ್ತರ ಗಂಟಲು ಅದಕ್ಕೆ ಒಗ್ಗುವುದಿಲ್ಲ. ನಿಮ್ಮ ದನಿ ಈಗ ಎಷ್ಟು ಮೇಲೆ ಹೋಗುತ್ತದೆಯೋ ಅದಕ್ಕಿಂತ ಒಂದು ಮನೆ ಕೆಳಗೇ ಹಾಡಿನ ಮೇಲಂಚು ಇರಲಿ.

ಕಟ್ಟಿದ್ದು ನಿಂತೀತೋ ಇಲ್ಲವೋ ಎಂದು ನೋಡಲು ಒಂದೇ ಪರೀಕ್ಷೆಯಿದೆ. ಮೇಳಕ್ಕೆ ಬರುವ ಮಕ್ಕಳಿಗೆ ಒಂದು ಸೋಮವಾರ ಹೇಳಿಕೊಡಿ. ಮರುವಾರ ನೀವು ಬಾಯಿ ತೆರೆಯಬೇಡಿ, ಪೇಟಿಯನ್ನೂ ಮುಟ್ಟಬೇಡಿ. ಅವರು ಎಲ್ಲಿ ತಪ್ಪಿ ಬೇರೆ ದಾರಿ ಹಿಡಿಯುತ್ತಾರೋ ಅಲ್ಲಿ ಹಾಡಿನಲ್ಲಿಯೇ ತೊಡಕಿದೆ ಎಂದು ತಿಳಿಯಿರಿ. ಹಲವು ಸಲ ಮಕ್ಕಳು ಹಿಡಿದ ದಾರಿಯೇ ನೇರವಾಗಿರುತ್ತದೆ. ಗಡಿಯಾಚೆಯ ನಮ್ಮ ಮಕ್ಕಳು ಹೆಚ್ಚಾಗಿ ತೆಲುಗು, ಇಂಗ್ಲಿಷ್ ಶಾಲೆಗೆ ಹೋಗುವವರು. ಕನ್ನಡ ಅಕ್ಷರ ಬಾರದ ಮಗುವಿಗೆ ವಚನದ ಪುಸ್ತಕ ಕೊಟ್ಟು ಪ್ರಯೋಜನವೇನು? ಆ ಮಗುವಿಗೆ ಶರಣರ ಮಾತು ಮುಟ್ಟಬೇಕಾದದ್ದು ಕಿವಿಯಿಂದಲೇ, ನಾಲ್ಕು ಸಲ ಕೇಳಿದರೆ ಬಾಯಿಗೆ ಬರುವ ಮಟ್ಟಿನಿಂದಲೇ. ಅದನ್ನು ಕಟ್ಟಿಕೊಡಲು ಮೈಸೂರಿನಿಂದಲೋ ಧಾರವಾಡದಿಂದಲೋ ಯಾರೂ ಬರುವುದಿಲ್ಲ.

ಕಟ್ಟಿದ್ದನ್ನು ಬರೆದಿಡುವುದು ಕೊನೆಯ ಕೆಲಸ, ನಮ್ಮವರು ಹೆಚ್ಚಾಗಿ ಬಿಡುವುದೂ ಇದನ್ನೇ. ಮುಂಬಯಿಯ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ವಕೀಲರಾಗಿದ್ದವರು. ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಮೇಲೆ ವಕೀಲಿ ಬಿಟ್ಟು, ಉಸ್ತಾದರ ಮನೆಬಾಗಿಲುಗಳಿಗೆ ಹೋಗಿ ಅವರ ಕಂಠದಲ್ಲಿದ್ದ ಚೀಜುಗಳನ್ನು ಸ್ವರದಲ್ಲಿ ಬರೆದುಕೊಂಡರು. ರಾಗಲಕ್ಷಣ ಹೇಳುವ ಹಾಡುಗಳನ್ನು ‘ಚತುರ’ ಎಂಬ ಹೆಸರಿನಲ್ಲಿ ತಾವೇ ಕಟ್ಟಿದರು. ಅವರ ಲಿಪಿ ಸುಲಭ. ಸ ರಿ ಗ ಮ ಎಂದು ಬರೆದು, ಕೋಮಲ ಸ್ವರಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೆ ನಿಲುಗೆರೆ. ಕೆಳಗಿನ ಸಪ್ತಕಕ್ಕೆ ಕೆಳಗೊಂದು ಚುಕ್ಕೆ, ಮೇಲಿನದಕ್ಕೆ ಮೇಲೊಂದು ಚುಕ್ಕೆ. ಎಳೆದಷ್ಟು ಮಾತ್ರೆಗೆ ಅಷ್ಟು ಅಡ್ಡಗೆರೆ. ಕನ್ನಡ ಬರೆಯಲು ಬಾರದವರು ತೆಲುಗು ಅಕ್ಷರದಲ್ಲಿಯೇ ಬರೆಯಲಿ, ಸ್ವರಕ್ಕೆ ಭಾಷೆಯಿಲ್ಲ. ಮೊಬೈಲಿನಲ್ಲಿ ಹಾಡಿ ತುಂಬಿಟ್ಟುಕೊಳ್ಳುವುದೂ ಒಳ್ಳೆಯದೇ, ಆದರೆ ಮೊಬೈಲು ನೀರಿಗೆ ಬಿದ್ದರೆ ಹಾಡೂ ಹೋಯಿತು. ನೂರು ಪುಟದ ಒಂದು ನೋಟುಬುಕ್ಕು ಸಾಕು. ಪ್ರತಿ ಹಾಡಿನ ತಲೆಗೆ ಮಾತು ಯಾರದು, ಮಟ್ಟು ಯಾರದು, ಎರವಲು ತಂದದ್ದಾದರೆ ಯಾವ ಊರಿನ ಯಾವ ಪದದಿಂದ, ಶ್ರುತಿ ಕಪ್ಪು ಒಂದೋ ಬಿಳಿ ನಾಲ್ಕೋ, ತಾಳ ಯಾವುದು, ಯಾವ ದಿನ ಮೊದಲು ಹಾಡಿದ್ದು, ಇಷ್ಟನ್ನು ಬರೆಯಬೇಕು. ಆ ನೋಟುಬುಕ್ಕನ್ನು ಮನೆಯ ಟ್ರಂಕಿನಲ್ಲಿಡದೆ, ಗುಡಿಯಲ್ಲಿ ತಾಳ ದಮ್ಮಡಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿ.